ಉಪ್ಪಿನ ಕೊಳದಿಂದ ಜೌಗಿನೆಡೆಗೆ: ಡಾನ್ ಎಡ್ವರ್ಡ್ಸ್ ವನ್ಯಜೀವಿ ಆಶ್ರಯಧಾಮದಲ್ಲಿ ಜನರ ಪಾಲು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಿಂದ ಡಂಬಾರ್ಟನ್ ಸೇತುವೆ ದಾಟಿ ಮೆನ್ಲೊ ಪಾರ್ಕ್, ಪಾಲೊ ಆಲ್ಟೊ ಕಡೆಯ ಕಚೇರಿಗಳಿಗೆ ದಿನವೂ ಹೋಗಿಬರುವವರಲ್ಲಿ ಕನ್ನಡಿಗರೂ ಸಾಕಷ್ಟು ಮಂದಿ ಇದ್ದಾರೆ. ಸೇತುವೆಯ ಟೋಲ್ ಕಟ್ಟುವ ಜಾಗಕ್ಕೆ ಹತ್ತಿರದಲ್ಲೇ, ಒಂದು ಸಣ್ಣ ಗುಡ್ಡದ ಮೇಲೆ, ಡಾನ್ ಎಡ್ವರ್ಡ್ಸ್ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮದ ಕೇಂದ್ರ ಕಚೇರಿ ಇದೆ. ಕೊಲ್ಲಿಯ ದಕ್ಷಿಣ ತುದಿಯನ್ನು ಸುತ್ತುವರಿದು ಸುಮಾರು 30,000 ಎಕರೆಗಳಷ್ಟು ಹರಡಿರುವ ಈ ಧಾಮದಲ್ಲಿ ಉಬ್ಬರವಿಳಿತದ ಜೌಗು, ಕೆಸರು ಬಯಲು, ಹಳೆಯ ಉಪ್ಪಿನ ಕೊಳಗಳು, ಇವುಗಳ ನಡುವೆ ಕವಲೊಡೆದು ಹರಿಯುವ ಕಾಲುವೆಗಳು ಎಲ್ಲವೂ ಸೇರಿವೆ. ಅದರ ಒಂದು ಮಗ್ಗುಲಿಗೆ ಮೆಟಾ ಕಂಪನಿಯ ಕಚೇರಿಗಳಿವೆ, ಇನ್ನೊಂದು ಮಗ್ಗುಲಿಗೆ ಸ್ಯಾನ್ ಹೋಸೆ ನಗರದ ಕೊಳಚೆ ನೀರು ಶುದ್ಧೀಕರಣ ಘಟಕವಿದೆ, ಸುತ್ತ ಲಕ್ಷಾಂತರ ಮನೆಗಳಿವೆ. ಅಮೆರಿಕದ ರಾಷ್ಟ್ರೀಯ ಆಶ್ರಯಧಾಮಗಳಲ್ಲಿ ನಗರದ ನಡುವೆ ಹುಟ್ಟಿದ ಮೊದಲನೆಯದು ಇದೇ ಎಂದು ಹೇಳಲಾಗುತ್ತದೆ.

ಈ ಧಾಮಕ್ಕೆ ಜನರು ಕೊಡುತ್ತ ಬಂದಿರುವ ನೆರವು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸಲೀಸಾಗಿ ಸಾಗುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ. ಸ್ವಯಂಸೇವೆ ಎಂದ ಕೂಡಲೇ ಬಿಡುವಿನ ದಿನ ಬಂದು ಕಸ ಹೆಕ್ಕಿ ಹೋಗುವವರ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಅದು ಇಡೀ ವ್ಯವಸ್ಥೆಯ ಒಂದು ಚಿಕ್ಕ ಭಾಗ ಮಾತ್ರ. ಸರ್ಕಾರದ ಮೇಲೆ ಒತ್ತಡ ಹೇರುವವರು ಒಂದು ಗುಂಪು, ಹಣ ಮತ್ತು ಶಿಕ್ಷಕರನ್ನು ಒದಗಿಸುವವರು ಇನ್ನೊಂದು ಸಂಘ, ಗಿಡ ನೆಡುವವರು ಮಗದೊಂದು, ಹಕ್ಕಿ ಎಣಿಸುವವರು ಬೇರೆಯೇ ಒಂದು ಸಂಸ್ಥೆ. ಇವು ಒಂದೇ ಕೊಡೆಯಡಿ ಸೇರದೆ ಬೇರೆ ಬೇರೆಯಾಗಿ ಉಳಿದಿರುವುದೇ ಈ ಪ್ರಕರಣದ ದೊಡ್ಡ ಬಲ ಎಂದು ನಾನು ತಿಳಿಯುತ್ತೇನೆ. ಇವೆಲ್ಲವೂ ಸಂಬಳ ಪಡೆಯುವ ಕೆಲವೇ ಸಿಬ್ಬಂದಿಯ ಮೇಲೆ ನಿಂತಿವೆ ಎಂಬುದು ಅದರ ಅಷ್ಟೇ ದೊಡ್ಡ ದೌರ್ಬಲ್ಯ.

ಹಿನ್ನೆಲೆ: ಧಾಮಕ್ಕಿಂತ ಮೊದಲೇ ಇದ್ದ ಜನ

ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚುಗಳನ್ನು ಮಣ್ಣು ತುಂಬಿಸಿ ನೆಲ ಮಾಡುವ ಕೆಲಸ ಎಗ್ಗಿಲ್ಲದೆ ನಡೆದಿತ್ತು. ಹೀಗೆಯೇ ಮುಂದುವರಿದರೆ 2020ರ ಹೊತ್ತಿಗೆ ಕೊಲ್ಲಿಯು ಒಂದು ಅಗಲವಾದ ನದಿಯಷ್ಟೇ ಉಳಿಯಬಹುದೆಂದು ತೋರಿಸುವ, ಸೇನೆಯ ಎಂಜಿನಿಯರುಗಳ ಅಧ್ಯಯನವನ್ನು ಆಧರಿಸಿದ ನಕ್ಷೆಯೊಂದು 1959ರಲ್ಲಿ ಓಕ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಕಂಡು ಕಳವಳಗೊಂಡ ಬರ್ಕ್ಲಿಯ ಮೂವರು ಮಹಿಳೆಯರು, ಕೇ ಕೆರ್, ಸಿಲ್ವಿಯಾ ಮೆಕ್ಲಾಫ್ಲಿನ್ ಮತ್ತು ಎಸ್ತರ್ ಗುಲಿಕ್, 1961ರಲ್ಲಿ ಒಂದು ಡಾಲರ್ ಸದಸ್ಯತ್ವ ಶುಲ್ಕ ಇಟ್ಟು ಕಟ್ಟಿದ ಸಂಘ ಇಂದು ‘ಸೇವ್ ದ ಬೇ’ ಎಂಬ ಹೆಸರಿನಲ್ಲಿದೆ. 1965ರಲ್ಲಿ ಕೊಲ್ಲಿಯ ದಂಡೆಯ ಮೇಲಿನ ಕಾಮಗಾರಿಗಳಿಗೆ ಅನುಮತಿ ಕೊಡುವ ರಾಜ್ಯ ಆಯೋಗ ರಚನೆಯಾದದ್ದು, 1969ರಲ್ಲಿ ಅದು ಕಾಯಂ ಆದದ್ದು ಈ ಒತ್ತಡದ ಫಲ. ಆದರೆ ಆಯೋಗಕ್ಕೆ ಮಣ್ಣು ತುಂಬುವುದನ್ನು ತಡೆಯುವ ಅಧಿಕಾರವಿತ್ತೇ ಹೊರತು, ಉಳಿದ ಜೌಗನ್ನು ಕೊಂಡು ಕಾಯುವ ಹೊಣೆ ಅದರದಾಗಿರಲಿಲ್ಲ.

ಆ ಹೊಣೆಯ ಮಾತು ಎತ್ತಿದವರು ದಕ್ಷಿಣ ತೀರದವರು. ಸಾಂಟಾ ಕ್ಲಾರಾ ಕೌಂಟಿಯ ಯೋಜನಾ ವಿಭಾಗದಲ್ಲಿದ್ದ ಆರ್ಟ್ ಓಗಿಲ್ವಿ, ಪಾಲೊ ಆಲ್ಟೊದ ಫ್ಲಾರೆನ್ಸ್ ಮತ್ತು ಫಿಲಿಪ್ ಲಾರಿವಿಯೆರ್ ದಂಪತಿ ಹಾಗೂ ಅವರ ಜೊತೆಗಾರರು 1960ರ ದಶಕದಲ್ಲಿ ಮನೆಯ ಪಡಸಾಲೆಗಳಲ್ಲಿ ಸೇರಿ, ಇಲ್ಲೊಂದು ಕೇಂದ್ರ ಸರ್ಕಾರದ ಆಶ್ರಯಧಾಮ ಆಗಬೇಕೆಂಬ ಬೇಡಿಕೆಯನ್ನು ರೂಪಿಸಿದರು. ಸ್ಯಾನ್ ಹೋಸೆಯ ಸಂಸದ ಡಾನ್ ಎಡ್ವರ್ಡ್ಸ್ ಅದನ್ನು ಕೈಗೆತ್ತಿಕೊಂಡು ಬೆನ್ನುಬಿಡದೆ ನಡೆಸಿದರು. 1972ರಲ್ಲಿ ಕಾಯ್ದೆಯಾಯಿತು, 1974ರಲ್ಲಿ ಧಾಮ ಅಸ್ತಿತ್ವಕ್ಕೆ ಬಂತು, 1995ರಲ್ಲಿ ಅದಕ್ಕೆ ಅವರದೇ ಹೆಸರು ಇಡಲಾಯಿತು.

ಬಹುತೇಕ ಹೋರಾಟಗಳು ಕಾಯ್ದೆ ಬಂದಾಗ ಕರಗಿಹೋಗುತ್ತವೆ. ಇಲ್ಲಿ ಹಾಗಾಗಲಿಲ್ಲ. ಮೊದಲ ಕಾಯ್ದೆ ಒಪ್ಪಿದ್ದ 23,000 ಎಕರೆಗಳ ಗಡಿಯ ಹೊರಗೆ ಇನ್ನೂ ಎಷ್ಟೋ ಜೌಗು ಉಳಿದಿತ್ತು. 1985ರಲ್ಲಿ ಅದೇ ಹಳಬರು ‘ಆಶ್ರಯಧಾಮವನ್ನು ಪೂರ್ಣಗೊಳಿಸುವ ನಾಗರಿಕರ ಸಮಿತಿ’ಯಾಗಿ ಮತ್ತೆ ಒಗ್ಗೂಡಿದರು. 1988ರಲ್ಲಿ ಸಂಸತ್ತು, ಧಾಮಕ್ಕೆ ಸೇರಿಸಿಕೊಳ್ಳಬಹುದಾದ ನೆಲದ ಗಡಿಯನ್ನು 43,000 ಎಕರೆಗೆ ಹಿಗ್ಗಿಸಿತು. ಬಹುಕಾಲ ಸಂಬಳದ ನೌಕರರೇ ಇಲ್ಲದೆ ನಡೆದ ಈ ಸಮಿತಿಯ ಕೆಲಸ ಕಣ್ಣಿಗೆ ಬೀಳುವಂಥದ್ದಲ್ಲ. ನಗರಸಭೆಗಳ ಸಾರ್ವಜನಿಕ ವಿಚಾರಣೆಗಳಲ್ಲಿ ಕೂರುವುದು, ನೂರಾರು ಪುಟಗಳ ಪರಿಸರ ಪರಿಣಾಮ ವರದಿಗಳನ್ನು ಓದಿ ಬರಹದಲ್ಲಿ ಆಕ್ಷೇಪಣೆ ಸಲ್ಲಿಸುವುದು, ಬೇಕಾದರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಇಂಥವು. ಸ್ವಯಂಸೇವೆಯ ಲೆಕ್ಕಪತ್ರಗಳಲ್ಲಿ ಈ ಗಂಟೆಗಳು ಎಲ್ಲಿಯೂ ನಮೂದಾಗುವುದಿಲ್ಲ. ಆದರೂ ಧಾಮದ ನಕ್ಷೆಯ ಆಕಾರವನ್ನು ತೀರ್ಮಾನಿಸಿದ್ದರಲ್ಲಿ ಅವುಗಳ ಪಾಲು ದೊಡ್ಡದು.

ರೆಡ್‌ವುಡ್ ಸಿಟಿಯ ಬೇರ್ ದ್ವೀಪದ ಕಥೆ ಇದಕ್ಕೆ ತಕ್ಕ ಉದಾಹರಣೆ. ಅಲ್ಲಿ ಮನೆಗಳು ಮತ್ತು ಕಚೇರಿಗಳ ದೊಡ್ಡ ಬಡಾವಣೆ ಕಟ್ಟುವ ಯೋಜನೆಗೆ ನಗರಸಭೆ ಒಪ್ಪಿಗೆ ಕೊಟ್ಟಿತ್ತು. ರಾಲ್ಫ್ ನೋಬಲ್ಸ್ ಮತ್ತು ಕ್ಯಾರೊಲಿನ್ ನೋಬಲ್ಸ್ ಅವರ ಮುಂದಾಳತ್ವದಲ್ಲಿ ಊರಿನವರು ಸಹಿ ಸಂಗ್ರಹಿಸಿ, ಈ ಒಪ್ಪಿಗೆಯನ್ನು ಜನಮತಕ್ಕೆ ಹಾಕುವಂತೆ ಮಾಡಿದರು. 1982ರ ಆ ಮತದಾನದಲ್ಲಿ ಬಡಾವಣೆ ಬೇಡವೆಂಬ ಪಕ್ಷ ಗೆದ್ದದ್ದು ಕೇವಲ 42 ಮತಗಳಿಂದ. ಆಮೇಲೆ 1990ರ ದಶಕದ ಕೊನೆಯಲ್ಲಿ ಪೆನಿನ್ಸುಲಾ ಓಪನ್ ಸ್ಪೇಸ್ ಟ್ರಸ್ಟ್ ಎಂಬ ಸಂಸ್ಥೆ ದೇಣಿಗೆ ಕೂಡಿಸಿ ಆ ಜಾಗವನ್ನು ಕೊಂಡುಕೊಂಡ ನಂತರ ದ್ವೀಪ ಆಶ್ರಯಧಾಮಕ್ಕೆ ಸೇರಿತು. ಮತ ಹಾಕಿದವರು, ದೇಣಿಗೆ ಕೊಟ್ಟವರು, ವರ್ಷಗಳ ಬಳಿಕ ಅಲ್ಲಿ ಗುದ್ದಲಿ ಹಿಡಿದು ಗಿಡ ನೆಟ್ಟವರು, ಎಲ್ಲರೂ ಹೆಚ್ಚುಕಡಿಮೆ ಅದೇ ಸೀಮೆಯವರು.

ಉಪ್ಪಿನ ಕೊಳಗಳು ಕೈಗೆ ಬಂದಾಗ

ಕೊಲ್ಲಿಯ ದಕ್ಷಿಣ ಭಾಗದಲ್ಲಿ 1850ರ ದಶಕದಿಂದಲೂ ಒಡ್ಡು ಕಟ್ಟಿ ಉಪ್ಪು ತೆಗೆಯಲಾಗುತ್ತಿದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಆಗರಗಳನ್ನು ಕಂಡವರು ಅವನ್ನೇ ನೆನೆದುಕೊಳ್ಳಬಹುದು, ಆದರೆ ಅಳತೆ ಬೇರೆ. ಈ ಕೊಲ್ಲಿಯಲ್ಲಿ ಒಂದೊಂದು ಕೊಳವೂ ನೂರಾರು ಎಕರೆ, ಕೊಲ್ಲಿಯ ನೀರು ಕೊಳದಿಂದ ಕೊಳಕ್ಕೆ ಸಾಗುತ್ತ ಗಟ್ಟಿಯಾಗಿ ಉಪ್ಪಾಗಲು ಸುಮಾರು ಐದು ವರ್ಷ. ಉಬ್ಬರವಿಳಿತ ನಿಂತುಹೋದ ಕಾರಣ ಹಿಂದಿನ ಜೌಗು ಅಳಿಯಿತು. ಕೊಲ್ಲಿಯ ಸುತ್ತ ಇದ್ದ ಉಬ್ಬರದ ಜೌಗಿನಲ್ಲಿ ಶೇಕಡ 80ಕ್ಕೂ ಹೆಚ್ಚು ಹೀಗೆ ಉಪ್ಪಿಗೆ, ಕೃಷಿಗೆ, ಕಟ್ಟಡಗಳಿಗೆ ಹೋಗಿದೆ.

2003ರಲ್ಲಿ, ಇಲ್ಲಿ ಉಪ್ಪು ತೆಗೆಯುತ್ತಿದ್ದ ಕಾರ್ಗಿಲ್ ಕಂಪನಿ 16,500 ಎಕರೆ ಉಪ್ಪಿನ ಕೊಳಗಳನ್ನು 10 ಕೋಟಿ ಡಾಲರಿಗೆ ಬಿಟ್ಟುಕೊಟ್ಟಿತು. ಈ ಮೊತ್ತದ ಹೆಚ್ಚಿನ ಪಾಲನ್ನು ರಾಜ್ಯ ಸರ್ಕಾರ ಭರಿಸಿತು, ಉಳಿದದ್ದನ್ನು ಖಾಸಗಿ ದತ್ತಿ ಸಂಸ್ಥೆಗಳು ಮತ್ತು ಕೇಂದ್ರ ಸರ್ಕಾರ ಕೊಟ್ಟವು. ಇದರಲ್ಲಿ 15,100 ಎಕರೆಗಳಲ್ಲಿ ಜೌಗನ್ನು ಮರಳಿ ತರುವ ಪುನಶ್ಚೇತನ ಯೋಜನೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲೇ ಈ ಬಗೆಯ ಅತಿ ದೊಡ್ಡ ಕೆಲಸ ಎನಿಸಿದೆ. ಒಂದು ಭಾಗ ಆಶ್ರಯಧಾಮದ ಕೈಯಲ್ಲಿದೆ, ಈಡನ್ ಲ್ಯಾಂಡಿಂಗ್ ಎಂಬ ಇನ್ನೊಂದು ಭಾಗ ರಾಜ್ಯದ ವನ್ಯಜೀವಿ ಇಲಾಖೆಯದು.

ಇಷ್ಟು ನೆಲ ಒಮ್ಮೆಗೇ ಕೈಗೆ ಬಂದಾಗ ಸ್ವಯಂಸೇವೆಯ ಸ್ವರೂಪವೇ ಬದಲಾಯಿತು. ಒಡ್ಡು ಒಡೆಯಲು ಯಂತ್ರ ಸಾಕು. ಕೊಲ್ಲಿಯ ದಕ್ಷಿಣ ತುದಿಯ ಅಲ್ವಿಸೊ ಎಂಬ ಊರಿನ ಬಳಿಯ ಎ19, ಎ20, ಎ21 ಎಂಬ ಮೂರು ಕೊಳಗಳನ್ನು 2006ರಲ್ಲಿ ಯಂತ್ರಗಳೇ ಒಡೆದವು. ನೀರು ಒಳಗೆ ಬಂತು, ಹೂಳು ತಾನೇ ಕೂತಿತು, ಉಪ್ಪುಸೊಪ್ಪಿನಂಥ ಸಸ್ಯಗಳು ತಾವೇ ಹುಟ್ಟಿಕೊಂಡವು. ಜೌಗಿನ ಮಧ್ಯಭಾಗಕ್ಕೆ ಮನುಷ್ಯರ ಕೈ ಬೇಡ. ಆದರೆ ಜೌಗು ಮುಗಿದು ಒಣನೆಲ ಶುರುವಾಗುವ ಕಿರಿದಾದ ಅಂಚು ತಾನಾಗಿ ಸರಿಹೋಗುವುದಿಲ್ಲ. ಅಲ್ಲಿ ಕಳೆ ಮೊದಲು ಬರುತ್ತದೆ.

ಅಂಚಿನ ನೆಲದಲ್ಲಿ ಕೈಕೆಲಸ

ಈ ಅಂಚು ಏಕೆ ಮುಖ್ಯವೆಂದು ಹೇಳದೆ ಸ್ವಯಂಸೇವಕರ ಕೆಲಸದ ಬೆಲೆ ತಿಳಿಯುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಜೌಗನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಣಸಿಗದ ಪ್ರಾಣಿಯೊಂದು ಇಲ್ಲಿದೆ. ಹತ್ತು ಗ್ರಾಂ ಆಸುಪಾಸು ತೂಗುವ, ಉಪ್ಪು ನೀರನ್ನೂ ಕುಡಿದು ಬದುಕಬಲ್ಲ ಒಂದು ಜೌಗಿಲಿ. ಅದರ ಜೊತೆಗೆ ರಿಜ್‌ವೇ ರೈಲ್ ಎಂಬ, ನಮ್ಮ ಹುಂಡುಕೋಳಿಯ ಕುಟುಂಬಕ್ಕೆ ಸೇರಿದ, ಹಾರುವುದಕ್ಕಿಂತ ಗಿಡಗಳ ನಡುವೆ ನುಸುಳಿ ನಡೆಯುವುದನ್ನೇ ಮೆಚ್ಚುವ ಹಕ್ಕಿ. ಎರಡೂ ಅಳಿವಿನಂಚಿನ ಪಟ್ಟಿಯಲ್ಲಿವೆ. ಚಳಿಗಾಲದ ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ವರ್ಷದ ಅತಿ ದೊಡ್ಡ ಉಬ್ಬರಗಳು ಬಂದಾಗ ಜೌಗಿನ ಗಿಡಗಳು ತುದಿಯವರೆಗೂ ಮುಳುಗುತ್ತವೆ. ಆ ಒಂದೆರಡು ಗಂಟೆ ಇಲಿಯೂ ರೈಲ್ ಹಕ್ಕಿಯೂ ಮೇಲಿನ ಅಂಚಿಗೆ ಬಂದು ಅಡಗಬೇಕು. ಅಲ್ಲಿ ದಟ್ಟವಾದ ಪೊದೆ ಇದ್ದರೆ ಉಳಿಯುತ್ತವೆ, ಬರಿದಾದ ಒಡ್ಡು ಇದ್ದರೆ ಗಿಡುಗ, ಬೆಳ್ಳಕ್ಕಿ, ನರಿಗಳ ಕಣ್ಣಿಗೆ ಬೀಳುತ್ತವೆ. ಸ್ವಯಂಸೇವಕರು ನೆಡುವುದು ಈ ಅಡಗುತಾಣವನ್ನು.

ಕೆಲಸದ ವರ್ಷಚಕ್ರ ಅಲ್ಲಿನ ಹವೆಯನ್ನು ಅನುಸರಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಹೀಗಾಗಿ ಬೇಸಿಗೆಯ ಕೊನೆಗೆ ಮತ್ತು ಶರತ್ಕಾಲದಲ್ಲಿ ಬೀಜ ಆಯುತ್ತಾರೆ, ನರ್ಸರಿಯಲ್ಲಿ ಸಸಿ ಎಬ್ಬಿಸುತ್ತಾರೆ, ನವೆಂಬರಿನಿಂದ ಫೆಬ್ರವರಿಯವರೆಗೆ ನೆಡುತ್ತಾರೆ, ವಸಂತದಲ್ಲಿ ಕಳೆ ಕೀಳುತ್ತಾರೆ. ಬೀಜವನ್ನು ದೂರದ ಊರಿನಿಂದ ತರುವಂತಿಲ್ಲ. ಆ ಜೌಗಿಗೆ ಹತ್ತಿರದ ಅಂಚಿನಲ್ಲೇ ಬೆಳೆದ ಗಿಡದಿಂದ, ಅದೂ ಅಲ್ಲಿಗೆ ಸಾಕಷ್ಟು ಉಳಿಯುವಂತೆ ಸ್ವಲ್ಪ ಸ್ವಲ್ಪವೇ ಆಯಬೇಕು. ಹಳದಿ ಹೂವಿನ, ಮುಟ್ಟಿದರೆ ಅಂಟುವ ಗಮ್‌ಪ್ಲಾಂಟ್ ಇಲ್ಲಿ ಬಹಳ ಬೇಕಾದದ್ದು. ಸೊಂಟದೆತ್ತರಕ್ಕೆ ಬೆಳೆದು ದೊಡ್ಡ ಉಬ್ಬರದಲ್ಲೂ ತಲೆ ಮೇಲಿಟ್ಟುಕೊಂಡಿರುವ ಗಿಡ ಅದು.

ನರ್ಸರಿಯ ಒಂದು ಶಿಸ್ತಿನ ಬಗ್ಗೆ ಇಲ್ಲಿ ಹೇಳಲೇಬೇಕು. ಕಳೆದ ದಶಕದ ಮಧ್ಯಭಾಗದಲ್ಲಿ ಕ್ಯಾಲಿಫೋರ್ನಿಯಾದ ಸ್ಥಳೀಯ ಸಸ್ಯಗಳ ನರ್ಸರಿಗಳಲ್ಲಿ ಫೈಟಾಫ್ತೊರಾ ಜಾತಿಯ ಬೇರುಕೊಳೆ ರೋಗಾಣುಗಳು ಪತ್ತೆಯಾದವು. ಮಲೆನಾಡಿನ ಅಡಿಕೆ ಬೆಳೆಗಾರರನ್ನು ಮಳೆಗಾಲದಲ್ಲಿ ಕಾಡುವ ಕೊಳೆರೋಗಕ್ಕೆ ಕಾರಣವಾದದ್ದೂ ಇದೇ ಕುಲದ್ದು. ಕಾಡನ್ನು ಮರಳಿ ಬೆಳೆಸಲೆಂದು ನೆಟ್ಟ ಸಸಿಯೇ ಅಲ್ಲಿಗೆ ರೋಗ ಹೊತ್ತು ಹೋಗಬಹುದೆಂದು ತಿಳಿದ ಮೇಲೆ ಪದ್ಧತಿಗಳು ಬದಲಾದವು. ಹಳೆಯ ಕುಂಡಗಳನ್ನು ತೊಳೆದು ರೋಗಾಣುಮುಕ್ತ ಮಾಡಿಯೇ ಬಳಸುವುದು, ಕುಂಡಗಳನ್ನು ನೆಲದ ಮೇಲಿಡದೆ ಎತ್ತರದ ಮೇಜಿನ ಮೇಲಿಡುವುದು, ಒಳಗೆ ಬರುವವರ ಪಾದರಕ್ಷೆಯ ತಳಕ್ಕೆ ಸ್ಪಿರಿಟ್ ಸಿಂಪಡಿಸುವುದು ಈಗ ಸಾಮಾನ್ಯ. ಹೊಸದಾಗಿ ಬಂದ ಸ್ವಯಂಸೇವಕನಿಗೆ ಬೆಳಗಿನ ಹೊತ್ತೆಲ್ಲ ಕುಂಡ ತೊಳೆಯುವ ಕೆಲಸ ಸಿಕ್ಕರೆ ಬೇಸರವಾಗಬಹುದು. ಆದರೆ ಅದರ ಕಾರಣವನ್ನು ಯಾರಾದರೂ ಬಿಡಿಸಿ ಹೇಳಿದರೆ, ಅದೇ ವ್ಯಕ್ತಿ ಮುಂದಿನ ತಿಂಗಳು ಇನ್ನೊಬ್ಬರಿಗೆ ಕಲಿಸಲು ನಿಲ್ಲುತ್ತಾನೆ. ಹೇಳುವವರು ಇರಬೇಕು.

ತರಗತಿಯಾದ ಜೌಗು

ಮಕ್ಕಳ ಕಾರ್ಯಕ್ರಮಗಳು ನಡೆಯುವುದು ಎರಡು ಕಡೆ, ಫ್ರೀಮಾಂಟಿನ ಕೇಂದ್ರ ಕಚೇರಿಯ ಬಳಿ ಮತ್ತು ಅಲ್ವಿಸೊದ ಪರಿಸರ ಶಿಕ್ಷಣ ಕೇಂದ್ರದಲ್ಲಿ. ಕಿರಿಯ ತರಗತಿಗಳಿಗೆಂದೇ ಇರುವ ‘ವೆಟ್‌ಲ್ಯಾಂಡ್ ರೌಂಡ್-ಅಪ್’ ಎಂಬ ಹೊರಸಂಚಾರದಲ್ಲಿ ಮಕ್ಕಳು ಗುಂಪು ಗುಂಪಾಗಿ ನೀರು, ಹಕ್ಕಿ, ಕೆಸರು, ಸಸ್ಯಗಳ ಚಟುವಟಿಕೆ ತಾಣಗಳನ್ನು ಸುತ್ತುತ್ತಾರೆ. ಈ ತಾಣಗಳನ್ನು ನಡೆಸಿಕೊಡುವವರು ಶಾಲೆಯ ಶಿಕ್ಷಕರು ಮತ್ತು ಜೊತೆಗೆ ಬಂದ ಹೆತ್ತವರು. ಅದಕ್ಕೆಂದು ಶಿಕ್ಷಕರಿಗೆ ಧಾಮದವರು ಮೊದಲೇ ತರಬೇತಿ ಕೊಟ್ಟಿರುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಈ ಪ್ರಕರಣದ ಅತ್ಯಂತ ಚೆನ್ನಾದ ಏರ್ಪಾಡು. ಮಗುವಿಗೆ ಜೌಗನ್ನು ತೋರಿಸಲು ಬಂದ ತಾಯಿ ತಾನೇ ಕಲಿತು ಹೇಳಿಕೊಡಬೇಕಾಗುತ್ತದೆ, ಮತ್ತು ಹಾಗೆ ಕಲಿತ ತಾಯಿ ಆ ಸೀಮೆಯ ಮತದಾರಳೂ ಆಗಿರುತ್ತಾಳೆ. ಫ್ರೀಮಾಂಟ್, ನ್ಯೂವಾರ್ಕ್, ಸ್ಯಾನ್ ಹೋಸೆಗಳ ಶಾಲೆಗಳಲ್ಲಿ ಭಾರತದಿಂದ ಬಂದ ಕುಟುಂಬಗಳ ಮಕ್ಕಳು ಬಹಳ. ದೇಶಕ್ಕೆ ಹೊಸಬರಾದ ಹೆತ್ತವರು ಅಲ್ಲಿನ ನೆಲದ ಪರಿಚಯ ಮಾಡಿಕೊಳ್ಳಲು ಇಂಥ ಹೊರಸಂಚಾರ ಸಹಜವಾದ ದಾರಿ.

ಅಲ್ವಿಸೊ ಕೇಂದ್ರದ ಕಾರ್ಯಕ್ರಮಗಳಿಗೆ ಹಣ ಎಲ್ಲಿಂದ ಬಂತೆಂಬುದರ ಹಿಂದೆ ಒಂದು ಗಟ್ಟಿ ಕಾರಣವಿದೆ. ಸ್ಯಾನ್ ಹೋಸೆ ಮತ್ತು ನೆರೆಯ ಊರುಗಳ ಕೊಳಚೆ ಶುದ್ಧೀಕರಣ ಘಟಕ ಶುದ್ಧಗೊಳಿಸಿದ ನೀರನ್ನು ಇಲ್ಲಿನ ಕಾಲುವೆಗೇ ಬಿಡುತ್ತದೆ. ನೀರು ಎಷ್ಟೇ ಶುದ್ಧವಾಗಿದ್ದರೂ ಅದು ಸಿಹಿನೀರು. ಅದು ಹೆಚ್ಚಾದಂತೆ ಉಪ್ಪು ಜೌಗಿನ ಸಸ್ಯಗಳು ಹಿಂದೆ ಸರಿದು ಸಿಹಿನೀರಿನ ಜೊಂಡು ಮುಂದೆ ಬಂತು, ಇಲಿಗೂ ರೈಲ್ ಹಕ್ಕಿಗೂ ಬೇಕಾದ ನೆಲೆ ಕುಗ್ಗಿತು. ಈ ಕಾರಣಕ್ಕಾಗಿ ಬೇಸಿಗೆ ಕಾಲದ ಹೊರಹರಿವು ದಿನಕ್ಕೆ 12 ಕೋಟಿ ಗ್ಯಾಲನ್ ಮೀರದಂತೆ ನೋಡಿಕೊಳ್ಳಬೇಕೆಂದು ರಾಜ್ಯದ ನೀರಿನ ಅಧಿಕಾರಿಗಳು ತಾಕೀತು ಮಾಡಿದರು. ನಗರ ಮರುಬಳಕೆ ನೀರಿನ ಕೊಳವೆ ಜಾಲ ಹಾಕಿತು, ಜೊತೆಗೆ ಜನರಿಗೆ ನೀರಿನ ಮಿತಬಳಕೆ ಕಲಿಸುವ ಕೆಲಸಕ್ಕೂ ಹಣ ಕೊಟ್ಟಿತು. ಹೀಗಾಗಿ ಈ ಕೇಂದ್ರಕ್ಕೆ ಬರುವ ಮಕ್ಕಳು ಕಲಿಯುವುದು ತಮ್ಮ ಮನೆಯ ಬಚ್ಚಲಿನಿಂದ ಹೊರಟ ನೀರಿನ ದಾರಿಯನ್ನೇ. ಹಿತವಚನಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಆ ನೀರು ಸೇರುವ ಕಾಲುವೆ ಅವರ ಕಣ್ಣಳತೆಯಲ್ಲೇ ಇದೆ.

ಈ ಹಣವನ್ನು ಪಡೆದು ಶಿಕ್ಷಕರನ್ನು ನೇಮಿಸಿಕೊಳ್ಳುವುದು ಸ್ಯಾನ್ ಫ್ರಾನ್ಸಿಸ್ಕೊ ಬೇ ವೈಲ್ಡ್‌ಲೈಫ್ ಸೊಸೈಟಿ ಎಂಬ ಲಾಭರಹಿತ ಸಂಘ. ಆಶ್ರಯಧಾಮದ ‘ಗೆಳೆಯರ ಬಳಗ’ ಎನ್ನಬಹುದಾದ ಈ ಬಗೆಯ ಸಂಘಗಳಿಗೆ 1998ರ ಕೇಂದ್ರ ಕಾಯ್ದೆಯೊಂದು ಸ್ಪಷ್ಟ ನೆಲೆ ಒದಗಿಸಿತು. ಸರ್ಕಾರಿ ಹುದ್ದೆ ಮಂಜೂರಾಗುವುದು ಕಷ್ಟ, ನಗರದ ಅನುದಾನವನ್ನು ಕೇಂದ್ರದ ಇಲಾಖೆ ನೇರವಾಗಿ ಬಳಸುವುದೂ ಸುಲಭವಲ್ಲ. ನಡುವೆ ಸಂಘವೊಂದಿದ್ದರೆ ಎರಡೂ ಕೂಡಿಬರುತ್ತವೆ. ಸ್ವಯಂಸೇವಕರು ಸರ್ಕಾರಿ ನೌಕರರಲ್ಲ, ಆದರೆ ಕೆಲಸದಲ್ಲಿ ಗಾಯಗೊಂಡರೆ ನೌಕರರಿಗಿರುವ ಪರಿಹಾರ ಅವರಿಗೂ ಸಲ್ಲುತ್ತದೆ ಎಂಬ ಕಾನೂನಿನ ರಕ್ಷಣೆಯೂ ಇದೆ. ನಮ್ಮಲ್ಲಿ ಆಮೆ ಕಾವಲಿಗೋ ಹಕ್ಕಿ ಗಣತಿಗೋ ಹೋಗುವ ಯುವಕರಿಗೆ ಇಂಥದೊಂದು ಖಚಿತ ಭರವಸೆ ಇರುವುದು ಅಪರೂಪವಾದ್ದರಿಂದ ಇದನ್ನು ಇಲ್ಲಿ ಒತ್ತಿ ಹೇಳಿದ್ದೇನೆ.

ಎಣಿಸುವ ಕಣ್ಣುಗಳು

ಸ್ಯಾನ್ ಫ್ರಾನ್ಸಿಸ್ಕೊ ಬೇ ಬರ್ಡ್ ಅಬ್ಸರ್ವೇಟರಿ ಎಂಬ ಸಂಸ್ಥೆ 1980ರ ದಶಕದ ಆರಂಭದಿಂದ ಸ್ವಯಂಸೇವಕರ ನೆರವಿನಿಂದ ಗೂಡುಕಟ್ಟುವ ನೀರುಹಕ್ಕಿಗಳ ಎಣಿಕೆ ನಡೆಸುತ್ತಿದೆ. ತಮಗೆ ಗೊತ್ತುಮಾಡಿದ ಒಂದೊಂದು ನೆಲೆಗೆ ವಸಂತದಿಂದ ಬೇಸಿಗೆಯವರೆಗೆ ಮತ್ತೆ ಮತ್ತೆ ಹೋಗಿ, ಹಕ್ಕಿ ಬೆದರದಷ್ಟು ದೂರದಲ್ಲಿ ದುರ್ಬೀನು ನಿಲ್ಲಿಸಿ, ಗೂಡು ಎಷ್ಟು, ಯಾವ ಹಂತದಲ್ಲಿವೆ ಎಂದು ಬರೆದುಕೊಳ್ಳುವ ಕೆಲಸ ಇದು. ಒಂದು ವರ್ಷದ ಲೆಕ್ಕಕ್ಕೆ ಹೆಚ್ಚು ಬೆಲೆಯಿಲ್ಲ, ದಶಕಗಳ ಲೆಕ್ಕಕ್ಕೆ ಬೆಲೆ ಕಟ್ಟಲಾಗದು.

1980ರ ಸುಮಾರಿಗೆ ದಕ್ಷಿಣ ಕೊಲ್ಲಿಯಲ್ಲಿ ಗೂಡುಕಟ್ಟುತ್ತಿದ್ದ ಕ್ಯಾಲಿಫೋರ್ನಿಯಾ ಗಲ್ ಎಂಬ ಕಡಲಹಕ್ಕಿಗಳು ಬೆರಳೆಣಿಕೆಯಷ್ಟು. ಸುತ್ತಲಿನ ನಗರಗಳ ಕಸದ ರಾಶಿಗಳು ಆಹಾರ ಕೊಟ್ಟವು, ಒಣ ಉಪ್ಪಿನ ಕೊಳಗಳು ಜಾಗ ಕೊಟ್ಟವು. ಮೂವತ್ತು ವರ್ಷಗಳೊಳಗೆ ಅವುಗಳ ಸಂಖ್ಯೆ 40,000 ದಾಟಿತು. ಗಲ್ ಹಕ್ಕಿಗಳು ಇತರ ಹಕ್ಕಿಗಳ ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ಅವುಗಳ ಅತಿ ದೊಡ್ಡ ನೆಲೆಯಾಗಿದ್ದ ಎ6 ಕೊಳವನ್ನು ಜೌಗಾಗಿಸಲು 2010ರ ಡಿಸೆಂಬರಿನಲ್ಲಿ ಒಡೆಯುವ ಮುನ್ನ, ಅಲ್ಲಿಂದ ಎದ್ದ ಸಾವಿರಾರು ಗಲ್‌ಗಳು ಎಲ್ಲಿಗೆ ಹೋಗುತ್ತವೆ, ಅಲ್ಲಿ ಯಾವ ಹಕ್ಕಿಗೆ ಕುತ್ತು ಬರುತ್ತದೆ ಎಂಬ ಪ್ರಶ್ನೆಯನ್ನು ಕೇಳಲು ಸಾಧ್ಯವಾದದ್ದೇ ಈ ಹಳೆಯ ಲೆಕ್ಕಗಳಿದ್ದುದರಿಂದ. ಮರಳು ಬಣ್ಣದ ಪುಟ್ಟ ಸ್ನೋಯಿ ಪ್ಲೋವರ್ ಹಕ್ಕಿ ಬರಿನೆಲದ ಮೇಲೆ ಮೊಟ್ಟೆಯಿಡುತ್ತದೆ. ಈಡನ್ ಲ್ಯಾಂಡಿಂಗಿನಲ್ಲಿ ಅದರ ಮೊಟ್ಟೆ ಕಣ್ಣಿಗೆ ಬೀಳದಿರಲೆಂದು ಸ್ವಯಂಸೇವಕರು ಒಣ ಕೊಳದ ನೆಲದ ಮೇಲೆ ಸಿಂಪಿ ಚಿಪ್ಪುಗಳನ್ನು ಹರಡಿದ್ದಾರೆ. ಬಿಳಿ ಚಿಪ್ಪುಗಳ ನಡುವೆ ಹಕ್ಕಿಯೂ ಮೊಟ್ಟೆಯೂ ಮರೆಯಾಗುತ್ತವೆ.

ತೊಡಕುಗಳು

ಈ ಧಾಮಕ್ಕೆ ಜನ ಬರಬೇಕು, ಆದರೆ ಜನ ಬಂದಷ್ಟೂ ಇಲ್ಲಿನ ಪ್ರಾಣಿಗಳಿಗೆ ತೊಂದರೆ. ಆಶ್ರಯಧಾಮಗಳ ಕುರಿತ 1997ರ ಕೇಂದ್ರ ಕಾಯ್ದೆ ಬೇಟೆ, ಮೀನು ಹಿಡಿಯುವುದು, ವನ್ಯಜೀವಿ ವೀಕ್ಷಣೆ, ಛಾಯಾಗ್ರಹಣ, ಪರಿಸರ ಶಿಕ್ಷಣ, ಬಂದವರಿಗೆ ಸ್ಥಳದ ವಿವರಣೆ ಎಂಬ ಆರು ಬಳಕೆಗಳಿಗೆ ಆದ್ಯತೆ ಕೊಟ್ಟಿದೆ, ಅದೂ ಪ್ರಾಣಿಗಳ ಹಿತಕ್ಕೆ ಹೊಂದುವುದಾದರೆ ಮಾತ್ರ. ಇದನ್ನು ದಿನನಿತ್ಯ ಜಾರಿಗೊಳಿಸುವುದು ಕಷ್ಟದ ಕೆಲಸ. ಬೇರ್ ದ್ವೀಪದ ಹಾದಿಯಲ್ಲಿ ನಾಯಿಗಳಿಗೆ ಪ್ರವೇಶವಿಲ್ಲವೆಂಬ ನಿಯಮ, ಮೊದಲು ಅಲ್ಲಿ ನಾಯಿಗಳೊಡನೆ ನಡೆದಾಡುತ್ತಿದ್ದ ಊರಿನವರಿಗೆ ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಆ ದ್ವೀಪವನ್ನು ಉಳಿಸಲು ಮತ ಹಾಕಿದವರಿಗೇ ಈಗ ಕೆಲವು ಬಾಗಿಲು ಮುಚ್ಚಿದೆಯೆಂದು ಹೇಳುವುದು ಇಲಾಖೆಗೆ ಮುಜುಗರದ ಮಾತು. ಇದಕ್ಕೆ ಇನ್ನೊಂದು ದಾರಿಯನ್ನು ಅಲ್ವಿಸೊದ ಬಳಿ ಕಾಣಬಹುದು. ಅಲ್ಲಿ 1876ರಲ್ಲಿ ರೈಲು ಹಳಿಯ ಜೊತೆ ಹುಟ್ಟಿ, ಒಂದು ಕಾಲಕ್ಕೆ ಬೇಟೆಗಾರರ ವಸತಿಗಳಿಂದ ತುಂಬಿ, 1979ರ ಹೊತ್ತಿಗೆ ಕೊನೆಯ ನಿವಾಸಿಯೂ ಬಿಟ್ಟುಹೋದ ಡ್ರಾಬ್ರಿಜ್ ಎಂಬ ಊರಿನ ಮನೆಗಳು ಜೌಗಿನೊಳಗೆ ಕುಸಿಯುತ್ತಿವೆ. ಒಳಗೆ ಯಾರೂ ಹೋಗುವಂತಿಲ್ಲ. ಅದಕ್ಕೆ ಬದಲಾಗಿ ಅದರ ಕಥೆಯನ್ನು ಹಳೆಯ ಛಾಯಾಚಿತ್ರಗಳ ಸಹಿತ ಶಿಕ್ಷಣ ಕೇಂದ್ರದಲ್ಲೇ ಸ್ವಯಂಸೇವಕರು ಹೇಳುತ್ತಾರೆ, ಕೇಳಲು ಜನ ಬರುತ್ತಾರೆ.

ಸಿಬ್ಬಂದಿಯ ಕೊರತೆ ಇದಕ್ಕಿಂತ ಆಳದ ತೊಡಕು. 2010ರ ಈಚೆಗೆ ದೇಶದಾದ್ಯಂತ ಆಶ್ರಯಧಾಮಗಳ ಸಿಬ್ಬಂದಿ ಸಂಖ್ಯೆ ಇಳಿಯುತ್ತಲೇ ಬಂದಿದೆ. ಹುದ್ದೆ ಖಾಲಿಯಾದಾಗ ಸ್ವಯಂಸೇವಕರಿದ್ದಾರಲ್ಲ ಎಂಬ ಮಾತು ಸುಲಭವಾಗಿ ಬರುತ್ತದೆ. ಈ ಮಾತನ್ನು ನಾನು ಒಪ್ಪಲಾರೆ. ಕಂಪನಿಯೊಂದರಿಂದ ಒಂದು ಬೆಳಿಗ್ಗೆ ಐವತ್ತು ಮಂದಿ ಬರುತ್ತಾರೆಂದರೆ, ಅವರು ಬರುವ ಮುನ್ನ ಯಾರೋ ಒಬ್ಬರು ಗುಂಡಿಗಳ ಜಾಗ ಗುರುತಿಸಬೇಕು, ರೈಲ್ ಹಕ್ಕಿ ಗೂಡುಕಟ್ಟುವ ಕಾಲವಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಉಪಕರಣ ಶುಚಿ ಮಾಡಿಡಬೇಕು, ಅವರು ಹೋದ ಮೇಲೆ ಸಡಿಲವಾಗಿ ನೆಟ್ಟ ಸಸಿಗಳನ್ನು ಮತ್ತೆ ಒತ್ತಿ ನೀರು ಹಾಕಬೇಕು. 2013ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಅನುದಾನ ನಿಂತು ದೇಶದ ಎಲ್ಲ ಆಶ್ರಯಧಾಮಗಳೂ ಹದಿನಾರು ದಿನ ಮುಚ್ಚಿದಾಗ ಇದು ಎಲ್ಲರಿಗೂ ಕಾಣಿಸಿತು. ಬರಲು ಸಿದ್ಧರಿದ್ದವರು ಎಷ್ಟೇ ಇದ್ದರೂ ಬಾಗಿಲು ತೆರೆಯುವವರಿರಲಿಲ್ಲ.

ಅಲ್ವಿಸೊ ಊರಿನ ವಿಚಾರವನ್ನೂ ಬಿಡುವಂತಿಲ್ಲ. ಶಿಕ್ಷಣ ಕೇಂದ್ರದ ಪಕ್ಕದ ಈ ಊರಿನಲ್ಲಿ ಬಹುಪಾಲು ಲ್ಯಾಟಿನೊ ದುಡಿಯುವ ಕುಟುಂಬಗಳಿವೆ. ಅಂತರ್ಜಲವನ್ನು ಮಿತಿಮೀರಿ ಎಳೆದಿದ್ದರಿಂದ ನೆಲ ಕುಸಿದು ಊರು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ, 1983ರ ಪ್ರವಾಹದಲ್ಲಿ ಮುಳುಗಿತ್ತು. ಅವರಿಗೆ ಒಡ್ಡು ಎಂದರೆ ಹಕ್ಕಿ ನೋಡುವ ನಡೆದಾರಿಯಾಗುವ ಮೊದಲು ಮನೆಯನ್ನು ಕಾಯುವ ಗೋಡೆ. ದೂರದ ಊರುಗಳಿಂದ ಕಾರಿನಲ್ಲಿ ಬರುವವರ ರಜಾದಿನಗಳಿಗೆ ಹೊಂದಿಸಿದ ಕಾರ್ಯಕ್ರಮ ಪಕ್ಕದ ಮನೆಯವರನ್ನು ತಲುಪದೆ ಹೋದರೆ, ಒಡ್ಡು ಒಡೆಯುವ ಮಾತು ಬಂದಾಗ ಅವರ ಅನುಮಾನ ಹೆಚ್ಚುವುದು ಸಹಜ. ಸ್ಪ್ಯಾನಿಷ್ ಬಲ್ಲ ಕಾರ್ಯಕರ್ತರು, ಊರಿನ ಸಭೆಗಳಿಗೆ ಹೋಗಿ ಕೂರುವ ತಾಳ್ಮೆ, ಇವೆರಡೂ ಇಲ್ಲಿ ಸಸಿಗಳಷ್ಟೇ ಅಗತ್ಯ.

ಮುಂದಿನ ಕೆಲಸ

2016ರ ಜೂನ್‌ನಲ್ಲಿ ಕೊಲ್ಲಿಯ ಸುತ್ತಲಿನ ಒಂಬತ್ತು ಕೌಂಟಿಗಳ ಮತದಾರರು ಪ್ರತಿ ನಿವೇಶನಕ್ಕೆ ವರ್ಷಕ್ಕೆ 12 ಡಾಲರ್ ತೆರಿಗೆಯನ್ನು ಇಪ್ಪತ್ತು ವರ್ಷ ಕೊಡಲು ಒಪ್ಪಿದರು. ಇದಕ್ಕೆ ಮೂರನೇ ಎರಡು ಭಾಗದ ಬಹುಮತ ಬೇಕಿತ್ತು, ಸುಮಾರು ಶೇಕಡ 70 ಮತ ಬಂತು. ವರ್ಷಕ್ಕೆ ಸುಮಾರು 2.5 ಕೋಟಿ ಡಾಲರ್ ಕೂಡುವ ಈ ಹಣ ಜೌಗಿನ ಪುನಶ್ಚೇತನಕ್ಕೂ ಪ್ರವಾಹ ತಡೆಗೂ ಮೀಸಲು. ಅರ್ಧ ಶತಮಾನ ನಡೆಯಬೇಕಾದ ಉಪ್ಪಿನ ಕೊಳಗಳ ಯೋಜನೆಗೆ ಇಪ್ಪತ್ತು ವರ್ಷದ ತೆರಿಗೆ ಸಾಲದು. ಮುಂದಿನ ಮತದಾನದ ಹೊತ್ತಿಗೆ ಇಂದು ಹೊರಸಂಚಾರಕ್ಕೆ ಬರುತ್ತಿರುವ ಮಕ್ಕಳು ಮತದಾರರಾಗಿರುತ್ತಾರೆ.

ಅಲ್ವಿಸೊವನ್ನು ಕಾಯಲು ಹೊಸ ಒಡ್ಡಿನ ಕೆಲಸ ಆರಂಭವಾಗಿದೆ. ಕೊಳಗಳ ಬದಿಯಲ್ಲಿ ಅದರ ಕೆಲವು ಭಾಗಗಳನ್ನು ಕಡಿದಾಗಿ ಬಿಡದೆ, ಉದ್ದನೆಯ ಇಳಿಜಾರಾಗಿ ಜೌಗಿಗೆ ಇಳಿಸುವ ಯೋಜನೆಯಿದೆ. ಸಮುದ್ರಮಟ್ಟ ಏರಿದಂತೆ ಜೌಗೂ ಆ ಇಳಿಜಾರನ್ನು ಹತ್ತುತ್ತ ಮೇಲೆ ಸರಿಯಬೇಕೆಂಬುದು ಎಣಿಕೆ. ಅಲ್ಲಿ ಬೇಕಾಗುವ ಗಮ್‌ಪ್ಲಾಂಟ್ ಮತ್ತಿತರ ಸಸಿಗಳ ಬೀಜವನ್ನು ಸುತ್ತಲಿನ ಹಳೆಯ ಅಂಚುಗಳಿಂದಲೇ ಆಯಬೇಕು, ಹಲವು ಚಳಿಗಾಲ ನೆಡಬೇಕು, ಹಲವು ವಸಂತ ಕಳೆ ಕೀಳಬೇಕು. ಇದಕ್ಕೆ ಜನ ಸಿಗುತ್ತಾರೆ. ಅವರಿಗೆ ಕಲಿಸಿ, ವರ್ಷಪೂರ್ತಿ ಅವರ ಕೆಲಸವನ್ನು ನೋಡಿಕೊಳ್ಳುವ ಒಂದೆರಡು ಹುದ್ದೆಗಳ ಸಂಬಳವನ್ನು ಮಣ್ಣು ಮತ್ತು ಯಂತ್ರಗಳ ಖರ್ಚಿನ ಜೊತೆಯಲ್ಲೇ, ಯೋಜನೆಯ ಅಂದಾಜು ಪಟ್ಟಿಯಲ್ಲಿ ಮೊದಲೇ ಬರೆದಿಡಬೇಕು.